ಪ್ರೋಗ್ರಾಂ ಸರಿಯಾಗಿ ಓಡುತ್ತಿದೆ, ಬರೆದವರು ಯಾರು?

2025ರ ನವೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಯೊನ್ಸೆ ವಿಶ್ವವಿದ್ಯಾಲಯದಿಂದ ಒಂದು ಸುದ್ದಿ ಬಂತು. ಸುಮಾರು 600 ವಿದ್ಯಾರ್ಥಿಗಳಿದ್ದ ತರಗತಿಯೊಂದರ ಆನ್‌ಲೈನ್ ಪರೀಕ್ಷೆಯಲ್ಲಿ ದೊಡ್ಡ ಮಟ್ಟದ ಕಾಪಿ ನಡೆದಿತ್ತು. ಪರೀಕ್ಷೆ ಬರೆಯುವಾಗ ಪರದೆ, ಕೈ, ಮುಖ ಮೂರೂ ಕಾಣುವ ಹಾಗೆ ವಿಡಿಯೊ ಮಾಡಿ ಕಳಿಸಬೇಕು ಎಂಬ ನಿಯಮ ಇತ್ತು. ಆದರೂ ತಡೆಯಲು ಆಗಲಿಲ್ಲ. ಆ ತರಗತಿಯ ವಿಷಯವೇ ಕಂಪ್ಯೂಟರಿಗೆ ಮನುಷ್ಯರ ಭಾಷೆ ಕಲಿಸುವ ವಿದ್ಯೆ ಮತ್ತು ಚಾಟ್‌ಜಿಪಿಟಿ.

ಅದೇ ವರ್ಷ ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯ ಬೇರೆ ದಾರಿ ಹಿಡಿಯಿತು. ಮೇಲ್ವಿಚಾರಣೆ ಇಲ್ಲದ ಅಸೈನ್‌ಮೆಂಟ್‌ಗಳಲ್ಲಿ ಎಐ ಬಳಸಬಹುದು ಎಂಬುದನ್ನೇ ಸಾಮಾನ್ಯ ನಿಯಮ ಮಾಡಿತು. ಅಮೆರಿಕದಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಪೆನ್ನಿನಿಂದ ಉತ್ತರ ಬರೆಯುವ ನೀಲಿ ರಟ್ಟಿನ ಪುಸ್ತಕಗಳಿಗೆ ಮತ್ತೆ ಬೇಡಿಕೆ ಬಂತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನ ಅಂಗಡಿಯಲ್ಲಿ ಎರಡು ಶೈಕ್ಷಣಿಕ ವರ್ಷಗಳಲ್ಲಿ ಅವುಗಳ ಮಾರಾಟ 80% ಏರಿತು ಎಂದು ಪತ್ರಿಕೆಗಳು ಬರೆದವು.

ಒಬ್ಬರು ಬಾಗಿಲು ತೆರೆಯುತ್ತಿದ್ದಾರೆ, ಇನ್ನೊಬ್ಬರು ಬೀಗ ಹಾಕುತ್ತಿದ್ದಾರೆ. ಇಬ್ಬರಲ್ಲಿ ಯಾರು ಸರಿ ಎಂದು ಓದುಗರಿಗೆ ಗೊಂದಲ ಆಗುವುದು ಸಹಜ. ನಿಜ ಹೇಳಬೇಕೆಂದರೆ ಎರಡೂ ಒಂದೇ ಸಮಸ್ಯೆಯ ಎರಡು ತುದಿ. ವಿದ್ಯಾರ್ಥಿ ಕೊಟ್ಟ ಕೋಡ್, ಅಂದರೆ ಪ್ರೋಗ್ರಾಮಿನ ಸಾಲುಗಳು, ಒಂದು ಕಾಲದಲ್ಲಿ ಬರೆದವರು ಯಾರು ಎಂಬುದಕ್ಕೆ ಅಷ್ಟೋ ಇಷ್ಟೋ ಸಾಕ್ಷಿ ಹೇಳುತ್ತಿತ್ತು. ಈಗ ಹೇಳುತ್ತಿಲ್ಲ. ಅದು ಹೇಗೆ ಆಯಿತು, ಮುಂದೇನು ಎಂಬುದನ್ನು ಪ್ರೋಗ್ರಾಮಿಂಗ್ ಅಸೈನ್‌ಮೆಂಟ್‌ಗಳನ್ನೇ ಇಟ್ಟುಕೊಂಡು ನೋಡೋಣ. ಈ ಪೆಟ್ಟು ಮೊದಲು ಬಿದ್ದದ್ದೇ ಅಲ್ಲಿ.

ಪ್ರಬಂಧದ ಕಾಪಿ ಬೇರೆ, ಕೋಡ್ ಕಾಪಿ ಬೇರೆ

ಪ್ರಬಂಧ ಬರೆಯಲು ಹೇಳಿದರೆ ನೂರು ಜನ ನೂರು ಥರ ಬರೆಯುತ್ತಾರೆ. ಇಬ್ಬರದ್ದು ಸಾಲುಸಾಲಾಗಿ ಒಂದೇ ಇದ್ದರೆ ಅನುಮಾನಕ್ಕೆ ಜಾಗ ಇದೆ. ಪ್ರೋಗ್ರಾಂ ಹಾಗಲ್ಲ. 'ಐದು ಸಂಖ್ಯೆಗಳ ಸರಾಸರಿ ಕಂಡುಹಿಡಿಯಿರಿ' ಎಂದರೆ ಒಂದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸಾಲು), ಒಂದು ಕೂಡುವ ಸಾಲು, ಒಂದು ಭಾಗಿಸುವ ಸಾಲು. ಸರಿಯಾಗಿ ಬರೆದ ಎಲ್ಲರದ್ದೂ ಹೆಚ್ಚುಕಡಿಮೆ ಹಾಗೇ ಇರುತ್ತದೆ.

ಇನ್ನೊಂದು ವ್ಯತ್ಯಾಸ ಇದೆ. ಪ್ರೋಗ್ರಾಮಿಂಗ್‌ನಲ್ಲಿ ಬೇರೆಯವರ ಕೋಡ್ ಓದುವುದು, ಇಂಟರ್ನೆಟ್‌ನಲ್ಲಿ ಸಿಕ್ಕ ತುಣುಕನ್ನು ತಂದು ಜೋಡಿಸುವುದು, ಎಲ್ಲೋ ಸಿಕ್ಕಿಹಾಕಿಕೊಂಡಾಗ ಪಕ್ಕದವರನ್ನು ಕೇಳುವುದು, ಇವೆಲ್ಲ ಒಳ್ಳೆಯ ಅಭ್ಯಾಸಗಳೇ. ಹಾಗಾದರೆ ಗೆರೆ ಎಲ್ಲಿ? ಗೆಳೆಯ ಪ್ರೋಗ್ರಾಮಿನ ತಪ್ಪು ತೋರಿಸಿಕೊಟ್ಟರೆ ಸಹಾಯ. ಅವನೇ ಆ ಸಾಲು ಟೈಪ್ ಮಾಡಿದರೆ? ಇಡೀ ಫೈಲ್ ಕಳಿಸಿ 'ಸುಮ್ನೆ ನೋಡ್ಕೋ' ಅಂದರೆ? ಈ ಮೂರರ ನಡುವಿನ ಗೆರೆಯನ್ನು ತುಂಬ ಕಡೆ ಯಾರೂ ಬರೆದು ಕೊಟ್ಟಿರುವುದಿಲ್ಲ. 'ಕಾಪಿ ಮಾಡಬಾರದು' ಎಂಬ ಒಂದೇ ಸಾಲು ಇರುತ್ತದೆ. ಮೊದಲ ವರ್ಷದ ಹುಡುಗ ಹುಡುಗಿಯರಿಗೆ ತಾವು ಗೆರೆ ದಾಟಿದ್ದು ಗೊತ್ತಾಗುವುದು ವಿಚಾರಣೆಗೆ ಕರೆ ಬಂದಾಗಲೇ. ಇದು ಅನ್ಯಾಯ. ತಡೆಯುವ ಕೆಲಸ ಈ ಗೆರೆಯನ್ನು ಉದಾಹರಣೆ ಸಮೇತ ಬರೆದುಕೊಡುವುದರಿಂದಲೇ ಶುರುವಾಗಬೇಕು.

1976ರಿಂದ ನಡೆದ ಹುಡುಕಾಟ

ಕೋಡ್ ಕಾಪಿಯನ್ನು ಕಂಪ್ಯೂಟರಿನಿಂದಲೇ ಹಿಡಿಯುವ ಯೋಚನೆ ಹಳೆಯದು. 1976ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಒಟ್ಟೆನ್‌ಸ್ಟೈನ್ ಎಂಬುವರು ಫೋರ್ಟ್ರಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂಗಳಿಗೆ ಒಂದು ವಿಧಾನ ಮಾಡಿದರು. ಪ್ರತಿ ಪ್ರೋಗ್ರಾಮಿನಿಂದ ನಾಲ್ಕು ಸಂಖ್ಯೆಗಳನ್ನು ಎಣಿಸುವುದು. ಎಷ್ಟು ಬಗೆಯ ಚಿಹ್ನೆಗಳಿವೆ, ಎಷ್ಟು ಬಗೆಯ ಹೆಸರು ಮತ್ತು ಅಂಕಿಗಳಿವೆ, ಇವೆರಡೂ ಒಟ್ಟು ಎಷ್ಟೆಷ್ಟು ಸಲ ಬಂದಿವೆ. ಇಬ್ಬರದ್ದು ನಾಲ್ಕೂ ಒಂದೇ ಆದರೆ ಆ ಜೋಡಿಯನ್ನು ಮೇಷ್ಟ್ರು ಕೂತು ನೋಡಬೇಕು.

1994ರಲ್ಲಿ ಅಲೆಕ್ಸ್ ಐಕೆನ್ ಮಾಡಿದ ಮಾಸ್ ಮತ್ತು 1996ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಹುಟ್ಟಿದ ಜೆಪ್ಲಾಗ್ ಎಂಬ ಎರಡು ಪತ್ತೆ ಸಾಧನಗಳು ಇದಕ್ಕಿಂತ ಬಹಳ ಮುಂದೆ ಹೋದವು. ಇವತ್ತಿಗೂ ಜಗತ್ತಿನ ತುಂಬ ಕಾಲೇಜುಗಳಲ್ಲಿ ಇವೇ ಬಳಕೆಯಲ್ಲಿವೆ. ಇವು ಕೆಲಸ ಮಾಡುವ ರೀತಿ ಚೆನ್ನಾಗಿದೆ. ಕೋಡ್ ಕದ್ದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ವೇರಿಯಬಲ್‌ಗಳ (ಬೆಲೆಗಳನ್ನು ಇಟ್ಟುಕೊಳ್ಳುವ ಜಾಗಗಳ) ಹೆಸರು ಬದಲಿಸುತ್ತಾರೆ, ಕಾಮೆಂಟ್ (ಓದುವವರಿಗಾಗಿ ಬರೆದ ಟಿಪ್ಪಣಿ) ತೆಗೆಯುತ್ತಾರೆ, ಫಂಕ್ಷನ್‌ಗಳನ್ನು (ಒಂದೊಂದು ಕೆಲಸ ಮಾಡುವ ಕೋಡ್ ತುಂಡುಗಳನ್ನು) ಹಿಂದೆ ಮುಂದೆ ಮಾಡುತ್ತಾರೆ. ಹಾಗಾಗಿ ಈ ಸಾಧನಗಳು ಹೆಸರು, ಖಾಲಿ ಜಾಗ, ಕಾಮೆಂಟ್ ಯಾವುದನ್ನೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕೋಡ್‌ನ ಅಸ್ಥಿಪಂಜರವನ್ನು ಮಾತ್ರ ಉಳಿಸಿಕೊಳ್ಳುತ್ತವೆ. ಮಾಸ್ ಅದನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಪ್ರತಿ ತುಂಡಿಗೂ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗಳಲ್ಲಿ ಕೆಲವನ್ನು ಆರಿಸಿ ಇಟ್ಟುಕೊಂಡರೆ ಅದೇ ಪ್ರೋಗ್ರಾಮಿನ ಬೆರಳಚ್ಚು. ಎರಡು ಬೆರಳಚ್ಚುಗಳಲ್ಲಿ ಎಷ್ಟು ಭಾಗ ಒಂದೇ ಇದೆ ಎಂದು ನೋಡಿದರಾಯಿತು. ಮೇಷ್ಟ್ರೇ ಎಲ್ಲರಿಗೂ ಕೊಟ್ಟ ಆರಂಭದ ಕೋಡ್ ಇದ್ದರೆ ಅದನ್ನು ಮೊದಲೇ ಕಳೆಯಲೂ ಬರುತ್ತದೆ.

200 ಜನರ ತರಗತಿಯಲ್ಲಿ 19,900 ಜೋಡಿಗಳಾಗುತ್ತವೆ. ಅಷ್ಟನ್ನು ಕಣ್ಣಿನಿಂದ ಹೋಲಿಸಿ ನೋಡಲು ಯಾರಿಂದಲೂ ಆಗದು. ಈ ಸಾಧನಗಳು ಬೇಗ ಮುಗಿಸುತ್ತವೆ. ಆದ್ದರಿಂದಲೇ ಅವುಗಳ ಮೇಲೆ ನಂಬಿಕೆ ಬೆಳೆಯಿತು.

ಹೋಲಿಕೆ ಸಿಕ್ಕಿದರೆ ತಪ್ಪು ಸಿಕ್ಕಂತೆ ಅಲ್ಲ

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಮಾಸ್ ಹೇಳುವುದು 'ಇವೆರಡು ಒಂದೇ ಥರ ಇವೆ' ಎಂದಷ್ಟೇ. ಯಾರು ಯಾರಿಂದ ತೆಗೆದುಕೊಂಡರು, ಕೊಟ್ಟವರಿಗೆ ಗೊತ್ತಿತ್ತೇ, ಇಬ್ಬರೂ ಒಂದೇ ಪುಸ್ತಕ ನೋಡಿದ್ದರೇ, ಇದ್ಯಾವುದೂ ಅದಕ್ಕೆ ಗೊತ್ತಿಲ್ಲ.

2000ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಮೊದಲ ಹಂತದ ತರಗತಿಯ 78 ಮಂದಿಯ ಮೇಲೆ ಕಾಪಿ ಆರೋಪ ಬಂತು. ಉತ್ತರ ತರಗತಿಯ ವೆಬ್ ಪುಟದಲ್ಲೇ ಸಿಗುತ್ತಿತ್ತು. ಕೆಲವರು ಅದನ್ನು ನೋಡಿದ್ದರು. ಕೆಲವರು ಬೋಧನಾ ಸಹಾಯಕರ ಹತ್ತಿರ ಕೂತು ನೆರವು ಪಡೆದಿದ್ದರು. ಯಾರು ಯಾವ ಗುಂಪು ಎಂದು ಬಿಡಿಸಲು ವಿಚಾರಣೆ ಸಮಿತಿಗೆ ಆಗಲೇ ಇಲ್ಲ. ಕೊನೆಗೆ ಎಲ್ಲರ ಮೇಲಿನ ಆರೋಪವನ್ನೂ ಕೈಬಿಡಬೇಕಾಯಿತು. ನಿಜವಾಗಿ ಕಾಪಿ ಮಾಡಿದವರು ಪಾರಾದರು. ಮಾಡದವರು ವಾರಗಟ್ಟಲೆ ಅನುಮಾನದಲ್ಲಿ ಬೆಂದರು.

ಅಸೈನ್‌ಮೆಂಟ್ ಚಿಕ್ಕದಾದಷ್ಟೂ ಈ ಅಪಾಯ ಜಾಸ್ತಿ. ಇಪ್ಪತ್ತು ಸಾಲಿನ ಪ್ರೋಗ್ರಾಮಿನಲ್ಲಿ 90% ಹೋಲಿಕೆ ಬಂದರೂ ಅದಕ್ಕೆ ಅರ್ಥ ಇಲ್ಲದಿರಬಹುದು. ಐನೂರು ಸಾಲಿನದ್ದರಲ್ಲಿ 40% ಬಂದರೂ ಅದು ಗಂಭೀರ. ಅದಕ್ಕಿಂತ ಬಲವಾದ ಸುಳಿವು ಬೇರೆ ಇದೆ. ಇಬ್ಬರ ಕೋಡ್‌ನಲ್ಲೂ ಒಂದೇ ವಿಚಿತ್ರ ತಪ್ಪು ಇದ್ದರೆ ಅದು. ಸರಿ ಉತ್ತರ ಎಲ್ಲರಿಗೂ ಒಂದೇ. ತಪ್ಪು ಮಾತ್ರ ಒಬ್ಬೊಬ್ಬರದ್ದು ಒಂದೊಂದು ಥರ.

ಈ ನೆಲೆಯಲ್ಲಿ ಒಂದು ಒಳ್ಳೆಯ ಹೆಜ್ಜೆಯೂ ಬಂದಿತ್ತು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಕೊನೆಯ ಕೋಡ್ ಒಂದನ್ನೇ ನೋಡಲಿಲ್ಲ. ವಿದ್ಯಾರ್ಥಿ ಬರೆಯುತ್ತಾ ಹೋದ ಹಾಗೆ ನಡುನಡುವೆ ಉಳಿದ ಪ್ರತಿಗಳನ್ನೂ ಹೋಲಿಸಿದರು. ಕೆಲವರು ಮೊದಲು ಬೇರೆಯವರ ಕೋಡ್ ಅಂಟಿಸಿ, ಆಮೇಲೆ ಗುರುತು ಸಿಗದಂತೆ ತಿದ್ದಿದ್ದು ಅದರಲ್ಲಿ ಕಂಡಿತು. ಕೊನೆಯ ಪ್ರತಿ ಮುಚ್ಚಿಟ್ಟದ್ದನ್ನು ನಡುವಿನ ಪ್ರತಿ ಹೇಳಿಬಿಟ್ಟಿತು.

ಹೊಸದಾಗಿ ಬರೆದುಕೊಡುವವರು

ಈ ಇಡೀ ವ್ಯವಸ್ಥೆಯ ಕೆಳಗೆ ಒಂದು ನಂಬಿಕೆ ಇತ್ತು. ಕಾಪಿ ಮಾಡಿದ ಕೋಡ್‌ಗೆ ಎಲ್ಲೋ ಒಂದು ಮೂಲ ಇರುತ್ತದೆ, ಆ ಮೂಲ ನಮ್ಮ ಕೈಗೆ ಸಿಗುತ್ತದೆ ಎಂದು. ದುಡ್ಡು ಕೊಟ್ಟು ಹೊಸದಾಗಿ ಬರೆಸಿದರೆ ಮೂಲವೇ ಇರುವುದಿಲ್ಲ. 2006ರಲ್ಲಿ ಬ್ರಿಟನ್ನಿನ ರಾಬರ್ಟ್ ಕ್ಲಾರ್ಕ್ ಮತ್ತು ಥಾಮಸ್ ಲ್ಯಾಂಕಾಸ್ಟರ್ ಈ ಗುತ್ತಿಗೆ ಕಾಪಿಯ ಬಗ್ಗೆ ಬರೆದರು. ಪ್ರೋಗ್ರಾಮರ್‌ಗಳಿಗೆ ಕೆಲಸ ಹಂಚುವ ರೆಂಟ್ ಎ ಕೋಡರ್ ಎಂಬ ಜಾಲತಾಣದಲ್ಲಿ ವಿದ್ಯಾರ್ಥಿಗಳು ಅಸೈನ್‌ಮೆಂಟ್ ಹರಾಜಿಗೆ ಇಡುತ್ತಿದ್ದುದನ್ನು ಅವರು ಅಧ್ಯಯನ ಮಾಡಿದ್ದರು. ಅಂದರೆ ರೋಗ ಆಗಲೇ ಇತ್ತು. ಆದರೆ ಅದಕ್ಕೆ ದುಡ್ಡು ಬೇಕಿತ್ತು, ಸಮಯ ಬೇಕಿತ್ತು, ಸಿಕ್ಕಿಬೀಳುವ ಭಯ ಇತ್ತು. ಹಾಗಾಗಿ ಹರಡಲಿಲ್ಲ.

2021ರಲ್ಲಿ ಕೋಡ್ ಬರೆದುಕೊಡುವ ಎಐ ಸಾಧನ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂದವು. ಆ ಮೂರೂ ಅಡ್ಡಿಗಳು ಒಟ್ಟಿಗೆ ಹೋದವು. ಬರೆದುಕೊಡುವವರು ಎಲ್ಲರ ಪಾಲಿಗೂ, ಯಾವ ಹೊತ್ತಿನಲ್ಲೂ, ಪುಕ್ಕಟೆಯಾಗಿ ಸಿಗತೊಡಗಿದರು. ಚಾಟ್‌ಜಿಪಿಟಿಗೂ ಮೊದಲೇ, 2022ರ ಆರಂಭದಲ್ಲಿ ಪ್ರಕಟವಾದ ಒಂದು ಅಧ್ಯಯನ ಎಚ್ಚರಿಕೆ ಕೊಟ್ಟಿತ್ತು. ಮೊದಲ ಹಂತದ ಪ್ರೋಗ್ರಾಮಿಂಗ್ ಪರೀಕ್ಷೆಯ ಪ್ರಶ್ನೆಗಳನ್ನು ಸಂಶೋಧಕರು ಓಪನ್‌ಎಐ ಸಂಸ್ಥೆಯ ಕೋಡೆಕ್ಸ್ ಎಂಬ ಕೋಡ್ ಬರೆಯುವ ಎಐಗೆ ಕೊಟ್ಟಿದ್ದರು. 71 ವಿದ್ಯಾರ್ಥಿಗಳ ಜೊತೆ ಇಟ್ಟು ನೋಡಿದರೆ ಅದರ ಸ್ಥಾನ 17ನೆಯದು. ಆಮೇಲೆ ಬಂದ ಮಾದರಿಗಳು ಇನ್ನೂ ಎಷ್ಟೋ ಮುಂದೆ ಹೋಗಿವೆ.

ಮಾಸ್‌ಗೆ ಇಲ್ಲಿ ಕೆಲಸ ಕಡಿಮೆ. ಒಂದೇ ಪ್ರಶ್ನೆಯನ್ನು ಹತ್ತು ಜನ ಕೇಳಿದರೆ ಎಐ ಹತ್ತು ಥರ ಬರೆಯಬಲ್ಲದು. ಕೆಲವೊಮ್ಮೆ ಎರಡು ಉತ್ತರ ಒಂದೇ ಥರ ಬಂದು ಸಿಕ್ಕಿಬೀಳುವುದುಂಟು. ಆದರೆ 'ಬೇರೆ ಥರ ಬರೆದುಕೊಡು' ಎಂಬ ಇನ್ನೊಂದು ಮಾತು ಸಾಕು, ಆ ಹೋಲಿಕೆಯೂ ಅಳಿಸಿಹೋಗುತ್ತದೆ.

ಎಐ ಪತ್ತೆ ಸಾಧನಗಳನ್ನು ಯಾಕೆ ನಂಬಬಾರದು

ಹಾಗಾದರೆ ಎಐ ಬರೆದದ್ದನ್ನು ಗುರುತಿಸುವ ಸಾಧನ ಇಟ್ಟರೆ ಆಯಿತಲ್ವಾ? ತುಂಬ ಜನರ ಮೊದಲ ಪ್ರಶ್ನೆ ಇದೇ. ಮಾರಾಟಕ್ಕೂ ಬೇಕಾದಷ್ಟು ಸಿಗುತ್ತವೆ. ಆದರೆ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಗೇ ಇದು ಆಗಲಿಲ್ಲ. 2023ರ ಜನವರಿಯಲ್ಲಿ ಅದು ಒಂದು ಪತ್ತೆ ಸಾಧನ ಬಿಟ್ಟಿತು. ಸಂಸ್ಥೆಯದೇ ಲೆಕ್ಕದ ಪ್ರಕಾರ ಅದು ಎಐ ಬರಹದಲ್ಲಿ 26% ಮಾತ್ರ ಸರಿಯಾಗಿ ಗುರುತಿಸುತ್ತಿತ್ತು. ಮನುಷ್ಯರು ಬರೆದದ್ದರಲ್ಲಿ 9% ಬರಹವನ್ನು ಎಐಯದ್ದು ಎನ್ನುತ್ತಿತ್ತು. ಅದೇ ವರ್ಷದ ಜುಲೈಯಲ್ಲಿ ಅದನ್ನು ಹಿಂದಕ್ಕೆ ಪಡೆದರು.

ಸಾಧನ ತುಂಬ ಚೆನ್ನಾಗಿದೆ ಎಂದೇ ಇಟ್ಟುಕೊಳ್ಳಿ. ಆಗಲೂ ಲೆಕ್ಕ ಒಪ್ಪುವುದಿಲ್ಲ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ಟರ್ನಿಟಿನ್ ಎಂಬ ಕಾಪಿ ಪತ್ತೆ ತಂತ್ರಾಂಶದ ಎಐ ಪತ್ತೆ ಸೌಲಭ್ಯ ನಿಲ್ಲಿಸಿದಾಗ ಕೊಟ್ಟ ವಿವರಣೆ ಇದನ್ನೇ ಹೇಳುತ್ತದೆ. 2022ರಲ್ಲಿ ಅಲ್ಲಿ 75,000 ಬರಹಗಳು ಟರ್ನಿಟಿನ್ ಮೂಲಕ ಹೋಗಿದ್ದವು. ಸಾಧನ ತಪ್ಪಾಗಿ ಆರೋಪಿಸುವುದು 1% ಮಾತ್ರ ಎಂದುಕೊಂಡರೂ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ ಬರುತ್ತಿತ್ತು.

ಈ ಸುಳ್ಳು ಆರೋಪ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ತಾಯ್ನುಡಿಯಲ್ಲದವರು ಬರೆದ 91 ಪ್ರಬಂಧಗಳಲ್ಲಿ ಸರಾಸರಿ 61% ಪ್ರಬಂಧಗಳನ್ನು ಅವು ಎಐ ಬರೆದದ್ದು ಎಂದವು. ಸರಳ ಪದ, ಸರಳ ವಾಕ್ಯ ಬಳಸಿದ್ದೇ ಅವರ ತಪ್ಪಾಗಿ ಹೋಯಿತು.

ಕೋಡ್‌ನಲ್ಲಿ ಪರಿಸ್ಥಿತಿ ಇನ್ನೂ ಕಷ್ಟ. ಅಲ್ಲಿ ಪದಗಳೇ ಕಡಿಮೆ. ಬರೆಯುವ ದಾರಿಗಳೂ ಕಡಿಮೆ. ಅದರ ಮೇಲೆ ಸಾಲುಗಳನ್ನು ಅಚ್ಚುಕಟ್ಟು ಮಾಡುವ ಸಾಧನಗಳು ಬರೆದವರ ಕೈಗುಣವನ್ನು ಇನ್ನಷ್ಟು ಒರೆಸಿಹಾಕುತ್ತವೆ. ಹಾಗಾಗಿ ಮೇಷ್ಟ್ರುಗಳು ಅಂದಾಜಿನ ಗುರುತುಗಳನ್ನು ಹಿಡಿದಿದ್ದಾರೆ. ಪ್ರತಿ ಸಾಲಿಗೂ ನೀಟಾದ ಕಾಮೆಂಟ್ ಇದ್ದರೆ ಅನುಮಾನ. ಪಾಠದಲ್ಲಿ ಇನ್ನೂ ಬಂದಿರದ ವಿಧಾನ ಬಳಸಿದ್ದರೆ ಅನುಮಾನ. ಆದರೆ ಶಾಲೆಯಲ್ಲಿದ್ದಾಗಲೇ ಆಸೆಯಿಂದ ಕೋಡಿಂಗ್ ಕಲಿತ ಮಗುವೂ ಹೀಗೇ ಬರೆಯುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರೀತಿಯಿಂದ ಕಲಿತವರನ್ನೇ ಕಟಕಟೆಗೆ ನಿಲ್ಲಿಸುವ ವಿಧಾನ ಇದು. ಅನುಮಾನ ಬಂದಾಗ ಕರೆದು ಮಾತಾಡಲು ಇದು ಕಾರಣವಾಗಬಹುದು. ಶಿಕ್ಷೆಗೆ ಆಧಾರ ಆಗಬಾರದು.

ಚಾಪೆ, ರಂಗೋಲಿ

ಉಳಿದ ದಾರಿ ಕಾವಲು. ಪ್ರಶ್ನೆಯೊಳಗೆ ಕಣ್ಣಿಗೆ ಕಾಣದ ಬಿಳಿ ಅಕ್ಷರದಲ್ಲಿ ಒಂದು ಸೂಚನೆ ಅಡಗಿಸುವುದು ಒಂದು ಉಪಾಯ. ಪ್ರಶ್ನೆಯನ್ನು ಹಾಗೇ ಎಐಗೆ ಅಂಟಿಸಿದವರ ಕೋಡ್‌ನಲ್ಲಿ ಯಾವುದೋ ಬೇಡದ ಹೆಸರು ಬರುತ್ತದೆ, ಸಿಕ್ಕಿಬೀಳುತ್ತಾರೆ. ಆದರೆ ಒಂದು ಸಲ ಸುದ್ದಿ ಹರಡಿದರೆ ಮುಗಿಯಿತು. ಇನ್ನೊಂದು ಕಡೆ, ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧ ವಿದ್ಯಾರ್ಥಿಗೆ ಆ ಗುಪ್ತ ಸೂಚನೆಯೂ ಪ್ರಶ್ನೆಯ ಭಾಗವಾಗಿಯೇ ಕೇಳುತ್ತದೆ. ಅವರು ಪ್ರಾಮಾಣಿಕವಾಗಿ ಅದನ್ನು ಪಾಲಿಸಿದರೆ ಕಳ್ಳರಾಗುತ್ತಾರೆ. ಈ ಉಪಾಯವನ್ನು ಬಳಸಲೇಬಾರದು.

ಕೀ ಒತ್ತಿದ್ದನ್ನೆಲ್ಲ ದಾಖಲಿಸುವ ಸಾಧನಗಳಿವೆ. ಇಡೀ ಪ್ರೋಗ್ರಾಂ ಒಂದೇ ಏಟಿಗೆ ಬಂದು ಬಿದ್ದರೆ ಅಂಟಿಸಿದ್ದು ಎಂದು ತಿಳಿಯುತ್ತದೆ. ಅದಕ್ಕೆ ಉತ್ತರವಾಗಿ, ಮನುಷ್ಯರ ಹಾಗೆ ನಿಧಾನವಾಗಿ ಟೈಪ್ ಮಾಡಿಕೊಡುವ ಸಣ್ಣ ತಂತ್ರಾಂಶಗಳು ಬಂದಿವೆ. ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ಎಂಬ ಆಟ ಇದು. ಪರೀಕ್ಷೆಯ ಹೊತ್ತಿನಲ್ಲಿ ಬೇರೆ ಪುಟ ತೆರೆಯದಂತೆ ತಡೆಯುವ ಬ್ರೌಸರ್ ಬೀಗವೂ ಎರಡನೇ ಫೋನ್ ಇಟ್ಟುಕೊಂಡರೆ ವ್ಯರ್ಥ. ಯೊನ್ಸೆಯಲ್ಲಿ ಆದದ್ದು ಇದರ ಮುಂದಿನ ಅಧ್ಯಾಯ.

ಕೋಣೆಯಲ್ಲಿ ಕೂರಿಸಿ ಕಾಗದದ ಮೇಲೆ ಕೋಡ್ ಬರೆಸುವುದು ಇವುಗಳಿಗಿಂತ ಭದ್ರ, ಅನುಮಾನವಿಲ್ಲ. ಆದರೆ ಪ್ರೋಗ್ರಾಮಿಂಗ್ ಎಂದರೆ ಬರೆದು, ಓಡಿಸಿ, ತಪ್ಪು ನೋಡಿ, ತಿದ್ದುವುದು. ಕಾಗದ ಓಡುವುದಿಲ್ಲ. ಎರಡು ಗಂಟೆಯಲ್ಲಿ ದೊಡ್ಡ ಪ್ರಾಜೆಕ್ಟ್ ಕಟ್ಟಲೂ ಆಗುವುದಿಲ್ಲ. ಕಾಗದಕ್ಕೆ ಒಗ್ಗುವ ಕೆಲಸಗಳು ಬೇರೆ ಇವೆ. ಕೊಟ್ಟ ಕೋಡ್ ಏನು ಮಾಡುತ್ತದೆ ಎಂದು ಹೇಳುವುದು, ಅದರಲ್ಲಿರುವ ತಪ್ಪು ಹುಡುಕುವುದು, ಕಲಸಿಟ್ಟ ಸಾಲುಗಳನ್ನು ಸರಿಯಾದ ಕ್ರಮಕ್ಕೆ ಜೋಡಿಸುವುದು. ಈ ಕೊನೆಯದಕ್ಕೆ ಪಾರ್ಸನ್ಸ್ ಪ್ರಶ್ನೆ ಎಂಬ ಹೆಸರಿದೆ, 2006ರಿಂದ ಬಳಕೆಯಲ್ಲಿದೆ. ಓದಿ ಅರ್ಥ ಮಾಡಿಕೊಳ್ಳುವ ಶಕ್ತಿಯನ್ನು ಇವು ಚೆನ್ನಾಗಿ ಅಳೆಯುತ್ತವೆ.

'ಕೆಲಸದಲ್ಲಿ ಎಲ್ಲರೂ ಬಳಸ್ತಾರಲ್ವಾ?'

ಎದುರು ವಾದವೂ ಬಲವಾಗಿದೆ. ಕಂಪನಿಗಳಲ್ಲಿ ಎಐ ಇಲ್ಲದೆ ಕೋಡ್ ಬರೆಯುವವರು ಕಡಿಮೆಯಾಗುತ್ತಿದ್ದಾರೆ. ಕಾಲೇಜಿನಲ್ಲಿ ಅದನ್ನು ಅಪರಾಧ ಮಾಡಿ, ಕೆಲಸಕ್ಕೆ ಸೇರಿದ ದಿನವೇ 'ಬಳಸಿ' ಎಂದರೆ ಅದು ಎಂಥ ತರಬೇತಿ? ಈ ಮಾತನ್ನು ಸುಮ್ನೆ ತಳ್ಳಿಹಾಕಲು ಬರುವುದಿಲ್ಲ. ಮೇಲಿನ ವರ್ಷಗಳ ದೊಡ್ಡ ಪ್ರಾಜೆಕ್ಟ್‌ಗಳಿಗೆ ಇದು ನಿಜವಾಗಿ ಒಪ್ಪುತ್ತದೆ.

ಮೊದಲ ವರ್ಷಕ್ಕೆ ಒಪ್ಪುವುದಿಲ್ಲ. ಯಾಕೆಂದರೆ ಅಲ್ಲಿ ಪ್ರೋಗ್ರಾಂ ಯಾರಿಗೂ ಬೇಕಾಗಿಲ್ಲ. ಸರಾಸರಿ ಕಂಡುಹಿಡಿಯುವ ಪ್ರೋಗ್ರಾಂ ಜಗತ್ತಿನಲ್ಲಿ ಸಾವಿರಾರು ಇವೆ. ಅದನ್ನು ಬರೆಯುವಾಗ ತಲೆಯಲ್ಲಿ ಆಗುವ ಬದಲಾವಣೆಗಾಗಿ ಆ ಅಸೈನ್‌ಮೆಂಟ್ ಕೊಡುತ್ತಾರೆ. ಬೇರೆಯವರು ಬರೆದರೆ ಅಂಕ ಬರುತ್ತದೆ, ಆ ಬದಲಾವಣೆ ಬರುವುದಿಲ್ಲ.

ಇದಕ್ಕೆ ಸಾಕ್ಷಿ ಇದೆ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ನಡೆಸಿದ ಪ್ರಯೋಗ 2025ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಬಂತು. ಸಾಮಾನ್ಯ ಎಐ ಚಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ 48% ಹೆಚ್ಚು ಚೆನ್ನಾಗಿ ಮಾಡಿದರು. ಎಐ ತೆಗೆದು ಪರೀಕ್ಷೆ ಕೊಟ್ಟಾಗ, ಎಂದೂ ಬಳಸದವರಿಗಿಂತ 17% ಹಿಂದೆ ಬಿದ್ದರು. ಮೂರನೇ ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಎಐ ಕೊಟ್ಟಿದ್ದರು. ಅವರು ಅಭ್ಯಾಸದಲ್ಲಿ 127% ಮೇಲೆ ಹೋದರು, ಪರೀಕ್ಷೆಯಲ್ಲಿ ಆ ಹಿನ್ನಡೆ ಬಹುಮಟ್ಟಿಗೆ ಕಾಣಲಿಲ್ಲ.

ಪ್ರೋಗ್ರಾಮಿಂಗ್ ಕಲಿಯುವವರನ್ನೇ ಹತ್ತಿರದಿಂದ ಗಮನಿಸಿದ 2024ರ ಒಂದು ಅಧ್ಯಯನ ಚಿಕ್ಕದು, 21 ಜನರದ್ದು. ಆದರೆ ಅದು ಕಂಡದ್ದು ಕಾಡುವಂಥದ್ದು. ಮೊದಲೇ ಚೆನ್ನಾಗಿ ಬಲ್ಲವರಿಗೆ ಎಐ ವೇಗ ಕೊಟ್ಟಿತು. ಕಷ್ಟಪಡುತ್ತಿದ್ದವರ ಕಷ್ಟ ಹಾಗೇ ಉಳಿಯಿತು, ಕೆಲವೊಮ್ಮೆ ಹೆಚ್ಚಿತು. ಆದರೆ ಅವರು ಕೊನೆಯಲ್ಲಿ 'ನನಗೆ ಬರುತ್ತದೆ' ಎಂದೇ ನಂಬಿದ್ದರು. ಕಾಪಿಯ ನಿಜವಾದ ನಷ್ಟ ಇಲ್ಲಿದೆ. ತನಗೆ ಬರುವುದಿಲ್ಲ ಎಂದು ಗೊತ್ತಿರುವ ವಿದ್ಯಾರ್ಥಿ ಕೇಳಿ ಕಲಿಯಬಹುದು. ಬರುತ್ತದೆ ಎಂದುಕೊಂಡವರು ಕೇಳುವುದೇ ಇಲ್ಲ. ಎರಡನೇ ವರ್ಷದ ಪಾಠ ಮೊದಲ ವರ್ಷದ ಮೇಲೆ ನಿಂತಿರುತ್ತದೆ. ಅಲ್ಲಿ ಎಲ್ಲ ಒಟ್ಟಿಗೆ ಕುಸಿಯುತ್ತದೆ.

ಕೊನೆಯ ರಾತ್ರಿಯ ಲೆಕ್ಕ

ಕಾಪಿ ಮಾಡುವವರೆಲ್ಲ ಮೋಸಗಾರರು ಎಂದುಕೊಂಡರೆ ತಡೆಯುವ ದಾರಿಯೇ ಕಾಣುವುದಿಲ್ಲ. ಕೋಡ್ ಕೊಡಬೇಕಾದ ಹಿಂದಿನ ರಾತ್ರಿ ಹನ್ನೊಂದು ಗಂಟೆ ಎಂದುಕೊಳ್ಳಿ. ಪ್ರೋಗ್ರಾಂ ಓಡುತ್ತಿಲ್ಲ. ಪರದೆಯ ಮೇಲಿನ ಕೆಂಪು ಸಾಲು ಅರ್ಥ ಆಗುತ್ತಿಲ್ಲ. ಕೇಳಲು ಯಾರೂ ಇಲ್ಲ. ಒಂದು ನಿಮಿಷ ತಡವಾದರೂ ಸೊನ್ನೆ. ಈ ಹೊತ್ತಿನಲ್ಲಿ ಎಐ ಕಡೆ ಕೈ ಹೋಗದೇ ಇರಬೇಕೆಂದರೆ ತುಂಬ ಗಟ್ಟಿ ಮನಸ್ಸು ಬೇಕು.

ಈ ರಾತ್ರಿಯನ್ನು ಬದಲಿಸಬಹುದು. ದೊಡ್ಡ ಅಸೈನ್‌ಮೆಂಟನ್ನು ಮೂರು ಹಂತ ಮಾಡಿ ಪ್ರತಿ ವಾರ ಸ್ವಲ್ಪ ಸ್ವಲ್ಪ ಕೊಡಲು ಹೇಳಿದರೆ ಕೊನೆಯ ರಾತ್ರಿ ಎಂಬುದೇ ಇರುವುದಿಲ್ಲ. ಸೆಮಿಸ್ಟರ್‌ಗೆ ಮೂರೋ ನಾಲ್ಕೋ 'ತಡವಾದ ದಿನ' ಕೊಟ್ಟು, ಕಾರಣ ಕೇಳದೆ ಬಳಸಲು ಬಿಟ್ಟರೆ ಭಯ ಇಳಿಯುತ್ತದೆ. ಅರ್ಧ ಮಾಡಿದ ಪ್ರೋಗ್ರಾಮಿಗೂ ಅರ್ಧ ಅಂಕ ಸಿಕ್ಕರೆ, 'ಇಷ್ಟೇ ಆಯಿತು' ಎಂದು ಧೈರ್ಯವಾಗಿ ಕೊಡಬಹುದು.

ಹಾರ್ವರ್ಡ್‌ನ ಸಿಎಸ್50 ಎಂಬ ದೊಡ್ಡ ತರಗತಿ 2014ರಲ್ಲಿ ಇನ್ನೊಂದು ನಿಯಮ ತಂದಿತು. ತಪ್ಪು ಮಾಡಿದವರು 72 ಗಂಟೆಯೊಳಗೆ ತಾವಾಗಿಯೇ ಬಂದು ಹೇಳಿದರೆ ಆ ಕೆಲಸಕ್ಕೆ ಅಂಕ ಹೋಗಬಹುದು, ಆದರೆ ವಿಶ್ವವಿದ್ಯಾಲಯದ ಶಿಸ್ತು ಸಮಿತಿಗೆ ದೂರು ಹೋಗುವುದಿಲ್ಲ. ಇದರಿಂದ ಕಾಪಿ ನಿಲ್ಲಲಿಲ್ಲ. 2016ರ ತರಗತಿಯಿಂದ 60ಕ್ಕೂ ಹೆಚ್ಚು ಪ್ರಕರಣಗಳು ಸಮಿತಿಗೆ ಹೋದವು. ಆದರೂ ಈ ನಿಯಮ ಒಳ್ಳೆಯದು ಎಂದೇ ನನ್ನ ಎಣಿಕೆ. ಬೆಳಗ್ಗೆ ಎದ್ದು ಪಶ್ಚಾತ್ತಾಪ ಪಡುವವರಿಗೆ ವಾಪಸ್ ಬರಲು ಒಂದು ಬಾಗಿಲು ಇರಲೇಬೇಕು. ಅದೇ ತರಗತಿ 2023ರಲ್ಲಿ ಉತ್ತರ ಕೊಡದೆ ದಾರಿ ತೋರಿಸುವ ತನ್ನದೇ ಎಐ ಸಹಾಯಕವನ್ನೂ ತಂದಿತು. ರಾತ್ರಿ ಹನ್ನೊಂದಕ್ಕೆ ಕೇಳಲು ಯಾರೋ ಇದ್ದಾರೆ ಎಂದಾಯಿತು.

ಹತ್ತು ನಿಮಿಷದ ವೈವಾ

ಇಷ್ಟೆಲ್ಲ ಮಾಡಿದ ಮೇಲೂ 'ಇದು ನಿನ್ನದೇನಾ' ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ಕೋಡ್‌ನಲ್ಲಿ ಇಲ್ಲ. ವಿದ್ಯಾರ್ಥಿಯ ಹತ್ತಿರ ಇದೆ. ಕರೆದು ಕೂರಿಸಿ ಕೇಳಬೇಕು. ವೈವಾ ಎಂಬುದು ಲ್ಯಾಬ್ ಪರೀಕ್ಷೆಗಳಲ್ಲಿ ಹಳೆಯ ಪದ್ಧತಿ. ಅದನ್ನು ಅಸೈನ್‌ಮೆಂಟ್‌ಗೆ ತರಬೇಕಷ್ಟೇ.

ಕೇಳುವ ರೀತಿ ಮುಖ್ಯ. 'ಲೂಪ್ ಎಂದರೇನು' ಎಂದರೆ ಬಾಯಿಪಾಠ ಬರುತ್ತದೆ. ಅವರದ್ದೇ ಸರಾಸರಿ ಪ್ರೋಗ್ರಾಂ ಪರದೆಯ ಮೇಲೆ ಇಟ್ಟು, 'ಪಟ್ಟಿ ಖಾಲಿ ಇದ್ದರೆ ಏನಾಗುತ್ತೆ?' ಎಂದು ಕೇಳಬೇಕು. ಸ್ವಂತ ಬರೆದವರು ಒಂದು ಕ್ಷಣ ನೋಡಿ, ಸೊನ್ನೆಯಿಂದ ಭಾಗಿಸಿದಂತಾಗುತ್ತದೆ ಎಂದು ಕಂಡುಕೊಳ್ಳುತ್ತಾರೆ. 'ಈ ಸಾಲನ್ನು ಲೂಪ್‌ನ ಹೊರಗೆ ಇಟ್ಟರೆ?' 'ಕೊನೆಯ ಸಂಖ್ಯೆ ಮಾತ್ರ ಲೆಕ್ಕಕ್ಕೆ ಬರ್ತಿಲ್ಲ ಅಂದ್ರೆ ಮೊದಲು ಎಲ್ಲಿ ನೋಡ್ತೀಯ?' ಇಂಥ ಮೂರು ಪ್ರಶ್ನೆ ಸಾಕು. ಎಐ ಬರೆದದ್ದನ್ನು ತಂದರೂ ಪೂರ್ತಿ ಅರ್ಥ ಮಾಡಿಕೊಂಡು ಬಂದವರು ಉತ್ತರಿಸುತ್ತಾರೆ. ಉತ್ತರಿಸಲಿ. ಕಲಿತಿದ್ದಾರೆ ಎಂದೇ ಅರ್ಥ.

ವೈವಾಗೂ ಕುಂದುಗಳಿವೆ. ಮಾತಾಡಲು ಹೆದರುವವರು, ತೊದಲುವವರು, ಪಾಠದ ಭಾಷೆ ಸರಾಗ ಬಾರದವರು ಗೊತ್ತಿದ್ದೂ ಸುಮ್ಮನಾಗಿಬಿಡುತ್ತಾರೆ. ಮೇಷ್ಟ್ರ ಮೂಡ್ ಮೇಲೆ ಅಂಕ ಹೋಗುವ ಭಯವೂ ಸುಳ್ಳಲ್ಲ. ಬೇಕಾದ ಭಾಷೆಯಲ್ಲಿ ಹೇಳಲು, ಬರೆದು ತೋರಿಸಲು ಬಿಡಬೇಕು. ಒಂದು ಸಲ ತಡವರಿಸಿದವರಿಗೆ ಇನ್ನೊಂದು ಅವಕಾಶ ಕೊಡಬೇಕು.

ಇದಕ್ಕೆ ಜೊತೆಯಾಗಿ ಲ್ಯಾಬ್‌ನಲ್ಲಿ ಮಾಡಬಹುದಾದ ಇನ್ನೊಂದು ವಿಧಾನ ಇದೆ. ಮನೆಯಲ್ಲಿ ಮಾಡಿದ ಪ್ರೋಗ್ರಾಂ ಜೊತೆ ಎಲ್ಲರೂ ಬರಲಿ. ಇಂಟರ್ನೆಟ್ ಇಲ್ಲದ ಯಂತ್ರದಲ್ಲಿ, ಮೂವತ್ತು ನಿಮಿಷದಲ್ಲಿ, ಅದಕ್ಕೆ ಒಂದು ಹೊಸ ಬೇಡಿಕೆ ಸೇರಿಸಲಿ. ಸರಾಸರಿ ಜೊತೆಗೆ, ಸರಾಸರಿಗಿಂತ ಮೇಲಿರುವ ಸಂಖ್ಯೆಗಳು ಎಷ್ಟು ಎಂದೂ ಹೇಳಬೇಕು, ಅಷ್ಟೇ. ತನ್ನದೇ ಕೋಡ್ ಆದರೆ ಎಲ್ಲಿ ಕೈ ಹಾಕಬೇಕು ಎಂದು ಗೊತ್ತಿರುತ್ತದೆ. ಮಾತಿಗೆ ಹೆದರುವವರಿಗೂ ಇದು ಸುಲಭ.

ಖರ್ಚು ಎಲ್ಲಿಂದ

ದೊಡ್ಡ ಆಕ್ಷೇಪ ಸಮಯದ್ದು. 300 ಜನರಿಗೆ ತಲಾ ಹತ್ತು ನಿಮಿಷ ಎಂದರೆ ಒಂದು ಅಸೈನ್‌ಮೆಂಟ್‌ಗೆ 50 ಗಂಟೆ. ಯಾವ ಅಧ್ಯಾಪಕರಿಂದಲೂ ಆಗದ ಮಾತು. ಆದರೆ ಪ್ರತಿ ಸಲ ಎಲ್ಲರನ್ನೂ ಕರೆಯಬೇಕಿಲ್ಲ. ಐದು ಅಸೈನ್‌ಮೆಂಟ್ ಇದ್ದರೆ ಪ್ರತಿ ಸಲ 60 ಜನರನ್ನು ಕರೆಯಿರಿ. ಅದು 10 ಗಂಟೆ. ಐದು ಸಹಾಯಕರಿದ್ದರೆ ತಲಾ ಎರಡು ಗಂಟೆ. ಒಂದು ಸಲ ಬಂದವರನ್ನು ಮತ್ತೆಯೂ ಕರೆಯಬಹುದು ಎಂಬ ಸಾಧ್ಯತೆಗೆ ಸ್ವಲ್ಪ ಜಾಗ ಇಟ್ಟುಕೊಂಡರೆ ಯಾರೂ ಮೈಮರೆಯುವುದಿಲ್ಲ. ಪ್ರೋಗ್ರಾಂ ಸರಿಯಾಗಿ ಓಡುತ್ತದೆಯೇ ಎಂಬುದನ್ನು ಕಂಪ್ಯೂಟರೇ ಪರೀಕ್ಷಿಸಬಲ್ಲದು. ಹಾಗೆ ಉಳಿದ ತಿದ್ದುವ ಹೊತ್ತು, ಕಾಪಿ ವಿಚಾರಣೆಗಳಲ್ಲಿ ಕಳೆಯುವ ಹೊತ್ತು ಎರಡನ್ನೂ ಇತ್ತ ತಿರುಗಿಸಬಹುದು.

ಅಂಕದ ಪಾಲೂ ಬದಲಾಗಬೇಕು. ಮನೆಯ ಅಸೈನ್‌ಮೆಂಟ್‌ಗೆ 70, ಎದುರಿಗೆ ನಡೆಯುವ ಪರೀಕ್ಷೆಗೆ 30 ಇರುವ ತನಕ ಕಾಪಿ ಮಾಡುವುದೇ ಲಾಭ. ಅದನ್ನು ತಿರುಗಿಸಿ, ಎದುರಿನ 70 ಅಂಕವನ್ನು ಒಂದೇ ದೊಡ್ಡ ಪರೀಕ್ಷೆಗೆ ಇಡದೆ ಐದಾರು ಸಣ್ಣ ಲ್ಯಾಬ್ ಪರೀಕ್ಷೆಗಳಿಗೆ ಹಂಚಿದರೆ ಮನೆಯ ಕೆಲಸ ಮತ್ತೆ ಅಭ್ಯಾಸವಾಗುತ್ತದೆ. ಸಿಡ್ನಿ ಹೇಳುತ್ತಿರುವುದು ಇದನ್ನೇ. ಅಲ್ಲಿ ಎಐಗೆ ಬಾಗಿಲು ತೆರೆದದ್ದು ಮನೆಯ ಕೆಲಸಕ್ಕೆ. ಅದರ ಪಕ್ಕದಲ್ಲಿ ಮೇಲ್ವಿಚಾರಣೆಯ ಪರೀಕ್ಷೆಗಳನ್ನು ಗಟ್ಟಿಯಾಗಿ ಇಟ್ಟಿದ್ದಾರೆ. ತೆರೆದ ಬಾಗಿಲಿನ ಸುದ್ದಿ ಮಾತ್ರ ಎಲ್ಲರಿಗೂ ಮುಟ್ಟಿತು.

ಕಾಲೇಜುಗಳು ಈ ಖರ್ಚು ಹೊರದಿದ್ದರೆ ಅದು ಬೇರೆ ಕಡೆ ಹೋಗುತ್ತದೆ. ಆನ್‌ಲೈನ್ ಸಂದರ್ಶನಗಳಲ್ಲಿ ಗುಟ್ಟಾಗಿ ಎಐ ಬಳಸುವವರು ಹೆಚ್ಚಿದ ಮೇಲೆ, 2025ರಲ್ಲಿ ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಕನಿಷ್ಠ ಒಂದು ಸುತ್ತನ್ನಾದರೂ ಮುಖಾಮುಖಿ ನಡೆಸುವುದಾಗಿ ಹೇಳಿದರು. ಅಲ್ಲಿ ಕೇಳುವುದೂ ಇವೇ ಪ್ರಶ್ನೆಗಳು. ಈ ಸಾಲು ಯಾಕೆ ಇಲ್ಲಿದೆ, ಪಟ್ಟಿ ಖಾಲಿ ಇದ್ದರೆ ಏನಾಗುತ್ತದೆ. ನಾಲ್ಕು ವರ್ಷದಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆಯನ್ನು ವಿದ್ಯಾರ್ಥಿ ಮೊದಲ ಸಲ ಅಲ್ಲಿ ಕೇಳಿಸಿಕೊಳ್ಳುತ್ತಾರೆ. ತಪ್ಪಾದರೆ ಕೂರಿಸಿಕೊಂಡು ಹೇಳಿಕೊಡುವವರು ಆ ಕೋಣೆಯಲ್ಲಿ ಇರುವುದಿಲ್ಲ.